ನಿಲ್ಲೋದಾ, ಹೊರಡೋದಾ? ಕಾಡ್ಗಿಚ್ಚಿನ ಲೆಕ್ಕ

ನೀಲಗಿರಿ ಅಂದ್ರೆ ನಮಗೆಲ್ಲ ನೆನಪಾಗೋದು ನೆಗಡಿ ಆದಾಗ ಹಚ್ಚಿಕೊಳ್ಳೋ ಎಣ್ಣೆ. ಕೋಲಾರದ ಕಡೆಯವರಿಗಂತೂ ನೀಲಗಿರಿ ತೋಪು ಹೊಸದೇನಲ್ಲ. ಈ ಮರದ ತವರು ಆಸ್ಟ್ರೇಲಿಯಾ. ಅಲ್ಲಿ ಬೇಸಿಗೆಯಲ್ಲಿ ಇದೇ ಮರದ ಎಣ್ಣೆ ತುಂಬಿದ ಎಲೆ ಧಗ್ಗಂತ ಹತ್ತಿಕೊಳ್ಳುತ್ತೆ, ಸುಲಿದ ತೊಗಟೆ ಕೆಂಡವಾಗಿ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹಾರುತ್ತೆ.

ನನ್ನ ಕಾಲೇಜು ಗೆಳೆಯನೊಬ್ಬ ಈಗ ಮೆಲ್ಬರ್ನ್ ಹೊರವಲಯದ ಗುಡ್ಡದ ಕಡೆ ಮನೆ ಮಾಡಿದ್ದಾನೆ. ಬೇಸಿಗೆಗೆ ಮುಂಚೆ ಮನೆಯವರೆಲ್ಲ ಕೂತು 'ಫೈರ್ ಪ್ಲಾನ್' ಬರೀತಾರಂತೆ. ಅದರ ಮೊದಲನೇ ಪ್ರಶ್ನೆ: ನಿಲ್ಲೋದಾ, ಹೊರಡೋದಾ? ಎರಡೇ ಪದದ ಈ ಪ್ರಶ್ನೆಯ ಹಿಂದಿನ ಇತಿಹಾಸ ಹುಡುಕಿಕೊಂಡು ಹೋದೆ. ನಿಮಗೂ ಹೇಳಬೇಕು ಅನ್ನಿಸ್ತು.

1939ರ ಜನವರಿ 13. ವಿಕ್ಟೋರಿಯಾ ರಾಜ್ಯದ ಕಾಡ್ಗಿಚ್ಚಿಗೆ 71 ಜನ ಬಲಿಯಾದರು. ಮುಂದೆ 1960ರ ದಶಕದಲ್ಲಿ ಅಲನ್ ಮ್ಯಾಕ್‌ಆರ್ಥರ್ ಎಂಬ ವಿಜ್ಞಾನಿ ಉಷ್ಣಾಂಶ, ಗಾಳಿ, ತೇವಾಂಶ, ಬರ ಎಲ್ಲವನ್ನೂ ಸೇರಿಸಿ ಬೆಂಕಿ ಅಪಾಯದ ಸೂಚ್ಯಂಕ ಮಾಡಿದರು. ಅದರಲ್ಲಿ 100 ಅಂದ್ರೆ 1939ರ ಆ ಕರಾಳ ಶುಕ್ರವಾರದ ಪರಿಸ್ಥಿತಿ. ಅದಕ್ಕಿಂತ ಕೆಟ್ಟ ದಿನ ಇನ್ನೇನಿದ್ದೀತು ಅನ್ನೋ ಲೆಕ್ಕ.

1983ರ ಫೆಬ್ರವರಿ 16ರ 'ಆಶ್ ವೆಡ್ನೆಸ್‌ಡೇ'ಯಂದು ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾದಲ್ಲಿ 75 ಜನ ಸತ್ತರು. ಸುಟ್ಟ ಮನೆಗಳನ್ನು ತಜ್ಞರು ಪರಿಶೀಲಿಸಿದಾಗ ಕುತೂಹಲದ ಸಂಗತಿ ಗೊತ್ತಾಯ್ತು. ಬೆಂಕಿಯ ಗೋಡೆ ಬಂದು ಹಾದು ಹೋಗೋದು ಕೆಲವೇ ನಿಮಿಷ. ಮನೆಗಳನ್ನು ಹೆಚ್ಚಾಗಿ ಸುಡೋದು ಅದಕ್ಕೆ ಮುಂಚೆ, ಆಮೇಲೆ ಗಂಟೆಗಟ್ಟಲೆ ಬೀಳೋ ಕೆಂಡ. ಮಳೆನೀರಿನ ದೋಣಿಯಲ್ಲಿ ಕೂತ ಒಣ ಎಲೆ, ಹೆಂಚಿನ ಸಂದು, ಬಾಗಿಲ ಮುಂದಿನ ಕಾಲೊರೆಸು... ಅಷ್ಟು ಸಾಕು! ಮನೆಯಲ್ಲಿ ಜನ ಇದ್ದು ಕೆಂಡ ಆರಿಸಿದ ಕಡೆ ಮನೆ ಉಳಿದಿತ್ತು. ಎಷ್ಟೋ ಜನ ಸತ್ತಿದ್ದು ಕೊನೇ ಗಳಿಗೆಯಲ್ಲಿ ಓಡಿ, ದಾರಿಯಲ್ಲಿ.

ಹಾಗಾಗಿ ನೀತಿ ಹೀಗಾಯ್ತು: ಸಿದ್ಧತೆ ಮಾಡಿಕೊಂಡು ನಿಂತು ಮನೆ ಉಳಿಸಿಕೊಳ್ಳಿ, ಇಲ್ಲವಾದರೆ ಬೇಗ ಹೊರಡಿ. ಜನ ಮನೆಯನ್ನು ಕಾಯ್ತಾರೆ, ಮನೆ ಜನರನ್ನು ಕಾಯುತ್ತೆ ಅಂತ ಅಲ್ಲಿ ಮಾತೇ ಇತ್ತು. ತರ್ಕದಲ್ಲಿ ತಪ್ಪೇನೂ ಇರಲಿಲ್ಲ.

2009ರ ಫೆಬ್ರವರಿ 7, ಶನಿವಾರ. ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ಸೂಚ್ಯಂಕ ಹಲವೆಡೆ 100ನ್ನು ದಾಟಿ ಎಷ್ಟೋ ಮೇಲೆ ಹೋಯ್ತು. ಸಂಜೆ ಗಾಳಿಯ ದಿಕ್ಕು ಬದಲಾದಾಗ ಬೆಂಕಿಯ ಉದ್ದನೆಯ ಪಕ್ಕೆಯೇ ಮುಂಭಾಗವಾಗಿ ಹೊಸ ಊರುಗಳ ಮೇಲೆ ನುಗ್ಗಿತು. 173 ಜನ ಸತ್ತರು. ಅವರಲ್ಲಿ 113 ಜನ ಮನೆಗಳ ಒಳಗೇ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಹಳೇ ಡೇಟಾ ಮೇಲೆ ಟೆಸ್ಟ್ ಮಾಡಿದ ಪ್ರೋಗ್ರಾಂಗೆ ಗರಿಷ್ಠ ಮಿತಿ ಮೀರಿದ ಇನ್‌ಪುಟ್ ಬಂತು. ಇನ್ನೊಂದು ಸಮಸ್ಯೆ ಅಂದ್ರೆ ಜನ ಎರಡು ಆಯ್ಕೆಯ ಮಧ್ಯೆ ಮೂರನೆಯದೊಂದನ್ನು ಸೇರಿಸಿಕೊಂಡಿದ್ದರು: 'ನೋಡೋಣ ಇರಿ'. ಸಿದ್ಧತೆಯೂ ಇಲ್ಲ, ಹೊರಟೂ ಇಲ್ಲ. ಹೊಗೆ ಕಂಡ ಮೇಲೆ ಹೊರಡೋದು ಎಲ್ಲಕ್ಕಿಂತ ಅಪಾಯ.

ನಿವೃತ್ತ ನ್ಯಾಯಮೂರ್ತಿ ಬರ್ನಾರ್ಡ್ ಟೀಗ್ ನೇತೃತ್ವದ ಆಯೋಗ 2010ರ ಜುಲೈನಲ್ಲಿ 67 ಶಿಫಾರಸು ಕೊಟ್ಟಿತು. ಬೇಗ ಹೊರಡೋದೇ ಅತ್ಯಂತ ಸುರಕ್ಷಿತ, ಅತಿ ಕೆಟ್ಟ ದಿನಗಳಲ್ಲಿ ಎಷ್ಟೋ ಮನೆಗಳನ್ನು ಉಳಿಸಿಕೊಳ್ಳಲು ಆಗಲ್ಲ ಅನ್ನೋದು ಅದರ ಸಾರ. ಸೂಚ್ಯಂಕದ ಮೇಲ್ತುದಿಗೆ 2009ರಲ್ಲೇ 'ಕೋಡ್ ರೆಡ್' ಅನ್ನೋ ಹೊಸ ಮಟ್ಟ ಸೇರಿತ್ತು. 2022ರ ಸೆಪ್ಟೆಂಬರಿನಿಂದ ದೇಶಕ್ಕೆಲ್ಲ ಒಂದೇ ನಾಲ್ಕು ಹಂತದ ಪದ್ಧತಿ ಬಂದಿದೆ.

ಗೆಳೆಯನ ಪಟ್ಟಿಯಲ್ಲಿ ಈ ಇತಿಹಾಸವೇ ಇದೆ. ದೋಣಿಯ ಎಲೆ ತೆಗೆಯೋದು, ಗಾಳಿಕಿಂಡಿಗೆ ಲೋಹದ ಜಾಲರಿ, ಗೋಡೆಯ ಹತ್ತಿರ ಕಟ್ಟಿಗೆ ಇಡದಿರೋದು: ಇವು 1983ರ ಪಾಠ. ಕಾಗದಪತ್ರ, ಔಷಧಿ, ಉಣ್ಣೆಯ ಕಂಬಳಿ ಇರೋ ಚೀಲ, ಹೋಗೋಕೆ ಎರಡು ದಾರಿ, ಹೊರಡೋದಕ್ಕೆ ಗಡಿಯಾರದ ಸಮಯ: ಇವು 2009ರ ಪಾಠ. ಅತಿ ಅಪಾಯದ ದಿನ ಘೋಷಣೆಯಾದರೆ ಬೆಳಿಗ್ಗೆಯೇ ಮನೆ ಬಿಡೋದು, ಹೊಗೆ ಕಾಣಲಿ ಬಿಡಲಿ.

ಬೆಂಕಿ ಬರದೇ ಹೋದರೆ ಒಂದು ದಿನ ವ್ಯರ್ಥ, ಅಷ್ಟೇ. ಆ ಖರ್ಚು ಜಾಸ್ತಿಯೇನಲ್ಲ. ಏನಂತೀರಿ?