ಹತ್ತು ರೂಪಾಯಿ ಕಮ್ಮಿ

ಹುಡುಕುತ್ತಿದ್ದದ್ದು ಬೇರೇನನ್ನೋ. 1992ರ ಸುಪ್ರೀಂ ಕೋರ್ಟ್ ತೀರ್ಪುಗಳ ಸಂಪುಟ ತಿರುವುತ್ತಿದ್ದಾಗ ಕರ್ನಾಟಕದ ಹೆಸರು ಕಂಡು ಬೆರಳು ನಿಂತಿತು. ಖಾಸಗಿ ಕಾಲೇಜುಗಳ ‘ಸ್ಟಾಪ್‌ಗ್ಯಾಪ್’ ಉಪನ್ಯಾಸಕರ ಸಂಘ ಒಂದು ಕಡೆ, ರಾಜ್ಯ ಸರ್ಕಾರ ಇನ್ನೊಂದು ಕಡೆ. ಕಾಲೇಜು ನಡೆಸುವುದು ಖಾಸಗಿ ಆಡಳಿತ ಮಂಡಳಿ, ಆದರೆ ಸಂಬಳದ ದುಡ್ಡು ಪೂರ್ತಿ ಸರ್ಕಾರದ ಅನುದಾನ. ಮೂರು ತಿಂಗಳಿಗೆ ನೇಮಕ, ಒಂದೆರಡು ದಿನ ಬ್ರೇಕ್, ಮತ್ತೆ ಮೂರು ತಿಂಗಳು. ಹೀಗೆ ಎಂಟು-ಹತ್ತು ವರ್ಷ ಪಾಠ ಹೇಳಿದವರಿದ್ದರು. ಅವರಿಗೆ ಗೊತ್ತುಮಾಡಿದ್ದ ಸಂಬಳವೆಷ್ಟು? ಕಾಯಂ ಉಪನ್ಯಾಸಕರ ಕನಿಷ್ಠ ಸಂಬಳಕ್ಕಿಂತ ಹತ್ತು ರೂಪಾಯಿ ಕಮ್ಮಿ.

ಆ ಸಾಲಿನಿಂದ ಮುಂದೆ ಹೋಗಲು ನನಗೆ ಆಗಲಿಲ್ಲ. ಸರ್ಕಾರಕ್ಕೆ ಉಳಿತಾಯ ಬೇಕಿದ್ದರೆ ಐನೂರು ಕಡಿತ ಮಾಡಬಹುದಿತ್ತು. ಹತ್ತು ರೂಪಾಯಿಯಿಂದ ಯಾವ ಖಜಾನೆ ತುಂಬೀತು? ಎರಡು ದಿನ ಯೋಚಿಸಿದ ಮೇಲೆ ಹೊಳೆದದ್ದು ಇಷ್ಟು. ಸಂಬಳ ಸರಿಸಮ ಕೊಟ್ಟರೆ ಆತ ವೇತನ ಶ್ರೇಣಿಯ ಮೊದಲ ಮೆಟ್ಟಿಲ ಮೇಲೆ ನಿಂತಂತಾಗುತ್ತದೆ. ಮುಂದಿನ ವರ್ಷ ವೇತನ ಬಡ್ತಿ ಕೇಳಬಹುದು, ರಜೆ ಕೇಳಬಹುದು, ಪಿಂಚಣಿಯ ಮಾತೂ ಬರಬಹುದು. ಹತ್ತು ರೂಪಾಯಿ ಕಮ್ಮಿ ಕೊಟ್ಟರೆ ಅವನು ಹೊಸ್ತಿಲಾಚೆಯೇ ಉಳಿದ. ಇದು ನನ್ನ ಊಹೆ, ಯಾವ ಆದೇಶದಲ್ಲೂ ಹೀಗೆ ಬರೆದಿರುವುದಿಲ್ಲ.

ನ್ಯಾಯಮೂರ್ತಿ ಆರ್.ಎಂ. ಸಹಾಯ್ ಆ ಹತ್ತು ರೂಪಾಯಿಯನ್ನು ಒಪ್ಪಲಿಲ್ಲ. ಕಾಯಂ ಹುದ್ದೆಯವರಿಗೆ ಸಲ್ಲುವ ಸಂಬಳವನ್ನೇ ಕೊಡಿ, ರಜಾ ದಿನಗಳಲ್ಲೂ ಸೇವೆ ಮುಂದುವರಿಸಿ, ಬ್ರೇಕ್ ಸೇರಿ ಮೂರು ವರ್ಷ ದುಡಿದವರನ್ನು ತೆಗೆಯಬೇಡಿ ಎಂದರು. ಇಂಥ ನೇಮಕಾತಿ ಒಬ್ಬನ ಸಮಸ್ಯೆಯಾಗಿ ಹುಟ್ಟಿ, ಕಾಲ ಕಳೆದಂತೆ ಅವನ ಮನೆಯವರದಾಗಿ, ಕೊನೆಗೆ ನ್ಯಾಯಾಲಯದಲ್ಲಿ ಮನುಷ್ಯರ ಸಮಸ್ಯೆಯಾಗಿ ನಿಲ್ಲುತ್ತದೆ ಎಂಬ ಅರ್ಥದ ಮಾತನ್ನು ತೀರ್ಪಿನ ಮೊದಲಿಗೇ ಬರೆದಿದ್ದಾರೆ.

ಈಗ ಆ ಹತ್ತು ರೂಪಾಯಿ ಎಲ್ಲಿದೆ? ನನ್ನ ಹುಡುಕಾಟ ಶುರುವಾದದ್ದು ಅಲ್ಲಿಂದ.

ಮೊದಲು ಹಿಂದಕ್ಕೆ ಹೋದೆ. ಎರಡೇ ವರ್ಷ ಮುಂಚೆ, 1990ರಲ್ಲಿ, ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿಗಳ ಸಂಘ ಗೆದ್ದ ಪ್ರಕರಣವಿದೆ. ರಾಜ್ಯದ ಕಚೇರಿಗಳಲ್ಲಿ ಸುಮಾರು 50,000 ದಿನಗೂಲಿಗಳಿದ್ದಾರೆ, ಅವರಲ್ಲಿ ಎಷ್ಟೋ ಜನ 16ರಿಂದ 20 ವರ್ಷ ಸೇವೆ ಮಾಡಿದವರು ಎಂದು ಆ ದಾಖಲೆ ಹೇಳುತ್ತದೆ. 1984ರ ಜುಲೈ 1ಕ್ಕೆ ಮುಂಚೆ ಸೇರಿದವರಿಗೆ ತಿಂಗಳಿಗೆ 780 ರೂಪಾಯಿ ನಿಗದಿಯಾಯಿತು, ಭತ್ಯೆ ಗಿತ್ಯೆ ಇಲ್ಲ. ಹತ್ತು ವರ್ಷ ಮುಗಿಸಿದವರಲ್ಲಿ 18,600 ಜನರನ್ನು 1990ರ ಜನವರಿಯಿಂದಲೇ ಕಾಯಂ ಮಾಡಬೇಕು, ಉಳಿದವರನ್ನು 1997ರೊಳಗೆ ಹಂತಹಂತವಾಗಿ. ಸರ್ಕಾರದ ಬೀಗಕ್ಕೆ ನ್ಯಾಯಾಲಯವೇ ಕೀಲಿಕೈ ಮಾಡಿಕೊಟ್ಟ ಕಾಲ ಅದು.

ಆ ಕೀಲಿಕೈಯನ್ನು ವಾಪಸು ತೆಗೆದುಕೊಂಡದ್ದೂ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಪೀಠ ಕೊಟ್ಟ ಉಮಾದೇವಿ ತೀರ್ಪು. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರೊಬ್ಬರ ಹೆಸರು ಇವತ್ತು ಕಚೇರಿಗಳಲ್ಲಿ ನಾಮಪದವೇ ಆಗಿಹೋಗಿದೆ. ಯಾವ ಕಡತ ತೆಗೆದರೂ, ‘ಉಮಾದೇವಿ ಪ್ರಕರಣದ ತೀರ್ಪಿನನ್ವಯ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ’ ಎಂಬ ಷರಾ. ಅದೇ ತೀರ್ಪಿನ 53ನೇ ಕಂಡಿಕೆಯನ್ನು ಯಾರೂ ಉದ್ಧರಿಸುವುದಿಲ್ಲ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ತಡೆಯಾಜ್ಞೆಯ ಆಸರೆಯಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲದ ಕ್ರಮವಾಗಿ ಸಕ್ರಮ ಮಾಡಿ, ಆರು ತಿಂಗಳಲ್ಲಿ ಆ ಕೆಲಸ ಶುರು ಮಾಡಿ ಎಂದು ಅಲ್ಲಿದೆ. 2010ರಲ್ಲಿ ಎಂ.ಎಲ್. ಕೇಸರಿ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅದನ್ನು ನೆನಪಿಸಬೇಕಾಯಿತು. 2024ರ ಡಿಸೆಂಬರಿನಲ್ಲಿ ‘ಜಗ್ಗೋ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಸಲ ನೆನಪಿಸಿತು. ಅರ್ಧ ಓದಿ ಮಡಚಿಟ್ಟ ತೀರ್ಪು ಇದರಂಥದ್ದು ಇನ್ನೊಂದಿರಲಾರದು.

ಇನ್ನು ವಿಶ್ವವಿದ್ಯಾಲಯದ ಬಾಗಿಲು. ಊರು ಹೇಳುವುದಿಲ್ಲ. ರಾಜ್ಯದ್ದೇ ಒಂದು ಸಾರ್ವಜನಿಕ ವಿಶ್ವವಿದ್ಯಾಲಯ, 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಕೆಳಗೆ ಬರುವಂಥದ್ದು. ಕುಲಪತಿ, ಸಿಂಡಿಕೇಟು, ಹಣಕಾಸು ಅಧಿಕಾರಿ ಎಲ್ಲ ಇದ್ದಾರೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ನೌಕರರ ಹೆಸರು, ತಿಂಗಳ ಸಂಬಳ ತಾವಾಗಿಯೇ ಪ್ರಕಟಿಸಬೇಕು, ಪ್ರಕಟಿಸಿದ್ದಾರೆ. ಪ್ರಾಧ್ಯಾಪಕರಿಂದ ಶುರುವಾಗುವ ಪಟ್ಟಿ ಡಿ ಗ್ರೂಪಿನ ಕಾಯಂ ನೌಕರರೊಂದಿಗೆ ಮುಗಿದುಹೋಗುತ್ತದೆ. ನಾನು ಬೆಳಿಗ್ಗೆ ಗೇಟಿನಲ್ಲಿ ಕಂಡ ಸೆಕ್ಯುರಿಟಿಯವರಿಲ್ಲ. ಕಾರಿಡಾರ್ ಒರೆಸುತ್ತಿದ್ದ ಹೆಂಗಸರಿಲ್ಲ. ಹಾಸ್ಟೆಲಿನ ಅಡುಗೆಯವರಿಲ್ಲ. ಆವತ್ತು ಮೂರು ತರಗತಿ ತೆಗೆದುಕೊಂಡು ಬಸ್ಸಿಗೆ ಓಡಿದ ಅತಿಥಿ ಉಪನ್ಯಾಸಕರೂ ಇಲ್ಲ.

ಆಯವ್ಯಯದ ಪುಸ್ತಕ ತೆಗೆದೆ. ಸಂಬಳ ಎಂಬ ಶೀರ್ಷಿಕೆಯಲ್ಲೂ ಅವರಿರಲಿಲ್ಲ. ಸಿಕ್ಕಿದ್ದು ಸಾದಿಲ್ವಾರು ವೆಚ್ಚದ ಪುಟಗಳಲ್ಲಿ. ಮುದ್ರಣ, ವಿದ್ಯುತ್, ಡೀಸೆಲ್, ಏಜೆನ್ಸಿ ಬಿಲ್ಲು. ಪೊರಕೆಯೂ ಅಲ್ಲೇ, ಪೊರಕೆ ಹಿಡಿದವರೂ ಅಲ್ಲೇ.

ಅತಿಥಿ ಉಪನ್ಯಾಸಕರ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. (ಬುತ್ತಿ ಕಟ್ಟಿಕೊಂಡು ಬಂದು, ಪಾಠ ಮಾಡಿ, ಪರೀಕ್ಷಾ ಕೆಲಸವನ್ನೂ ಮುಗಿಸಿಕೊಟ್ಟು ಹೋಗುವ ಅತಿಥಿಯನ್ನು ನಮ್ಮ ಯಾವ ಪುರಾಣವೂ ಕಂಡಿಲ್ಲ.) 2022ರ ಜನವರಿಯಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಗೌರವಧನ ಏರಿತು. ಯುಜಿಸಿ ಅರ್ಹತೆಯೂ ಐದು ವರ್ಷಕ್ಕಿಂತ ಹೆಚ್ಚು ಅನುಭವವೂ ಇದ್ದವರಿಗೆ 13,000 ಇದ್ದದ್ದು 32,000 ಆಯಿತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರ. ಅದೇ ಆದೇಶದಲ್ಲಿ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು, ಮುಂಚೆ ಇದ್ದದ್ದು ಹೆಚ್ಚುಕಡಿಮೆ ಅದರ ಅರ್ಧ. ಇಬ್ಬರು ಹಂಚಿಕೊಂಡಿದ್ದ ಪಾಠ ಒಬ್ಬರಿಗೆ ಸಾಕಾಯಿತು, ಇನ್ನೊಬ್ಬರು ಮನೆಗೆ. ಗುಜರಾತಿನಲ್ಲಿ ಸಂಬಳದ ಅಂತರ ಇದಕ್ಕಿಂತ ನೇರವಾಗಿ ಕಾಣುತ್ತದೆ. 2025ರ ಆಗಸ್ಟಿನಲ್ಲಿ ತೀರ್ಮಾನವಾದ ಪ್ರಕರಣದ ದಾಖಲೆಯ ಪ್ರಕಾರ ಅಲ್ಲಿನ ಸರ್ಕಾರಿ ತಾಂತ್ರಿಕ ಕಾಲೇಜುಗಳಲ್ಲಿ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಸುಮಾರು 1,36,952 ರೂಪಾಯಿ, ಅದೇ ಪಾಠ ಮಾಡುವ ಗುತ್ತಿಗೆಯವರಿಗೆ 30,000. ಶ್ರೇಣಿಯ ಕನಿಷ್ಠವನ್ನಾದರೂ ಕೊಡಿ ಎಂದಿತು ಕೋರ್ಟು. 1992ರಲ್ಲಿ ಹತ್ತು ರೂಪಾಯಿ ಇದ್ದದ್ದು ಎಷ್ಟು ದಪ್ಪಗಾಗಿದೆ ನೋಡಿ.

ಆದರೂ ಉಪನ್ಯಾಸಕರಿಗೆ ಸಂಘವಿದೆ, ಮುಷ್ಕರ ಹೂಡುತ್ತಾರೆ, ಪತ್ರಿಕೆಗೆ ಬರೆಯುತ್ತಾರೆ. ನನಗೆ ಬೇಕಾಗಿದ್ದದ್ದು ಕಾರಿಡಾರ್ ಒರೆಸುವವರ ಕಾಗದ.

ರಾಜ್ಯದ ನಿಯಮದಲ್ಲಿ ಮಾಹಿತಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ (ಇಲ್ಲೂ ಹತ್ತೇ) ಕುಲಸಚಿವರ ಕಚೇರಿಯ ಆವಕದಲ್ಲಿ ಕೊಟ್ಟೆ. ಶುಚಿತ್ವದ ಗುತ್ತಿಗೆಯ ವೇತನ ವಹಿಯ ಪ್ರತಿ ಕೊಡಿ ಎಂದಷ್ಟೇ ಕೇಳಿದ್ದೆ. ಮೂವತ್ತು ದಿನಕ್ಕೆ ಸರಿಯಾಗಿ ಹಿಂಬರಹ ಬಂತು. ‘ಸದರಿಯವರು ಏಜೆನ್ಸಿಯ ನೌಕರರಾಗಿದ್ದು, ಮಾಹಿತಿಯು ಈ ಕಚೇರಿಯಲ್ಲಿ ಲಭ್ಯವಿರುವುದಿಲ್ಲ.’

ಇಂಥ ಉತ್ತರ ಬರುತ್ತದೆಂದು ಹಳೆಯ ವಿಷಯ ನಿರ್ವಾಹಕರೊಬ್ಬರು ಮುಂಚೆಯೇ ಹೇಳಿದ್ದರು. ಔಷಧವನ್ನೂ ಅವರೇ ಹೇಳಿಕೊಟ್ಟಿದ್ದರು: “ಎರಡು ಎಫ್ ಓದಿ ಸಾರ್, ಪೂರ್ತಿ ಓದಿ.” ಮಾಹಿತಿ ಹಕ್ಕು ಕಾಯ್ದೆಯ 2(ಎಫ್) ಕಲಮಿನ ಬಾಲದಲ್ಲಿ ಒಂದು ಮಾತಿದೆ. ಬೇರೆ ಯಾವುದೇ ಕಾನೂನಿನ ಬಲದಿಂದ ಸಾರ್ವಜನಿಕ ಪ್ರಾಧಿಕಾರ ಖಾಸಗಿಯವರಿಂದ ತರಿಸಿಕೊಳ್ಳಬಹುದಾದ ಮಾಹಿತಿಯೂ ‘ಮಾಹಿತಿ’ಯೇ. ಹಾಗಾದರೆ ಆ ಬೇರೆ ಕಾನೂನು ಯಾವುದು? 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ. ಅದರ 21ನೇ ಕಲಂ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಸಂಬಳ ಕೊಡುವ ಹೊಣೆ ಗುತ್ತಿಗೆದಾರನದು, ಸರಿ. ಆದರೆ ಅವನು ಕೊಡುವ ಹೊತ್ತಿಗೆ ಮೂಲ ಮಾಲೀಕ, ಅಂದರೆ ಇಲ್ಲಿ ವಿಶ್ವವಿದ್ಯಾಲಯ, ನೇಮಿಸಿದ ಪ್ರತಿನಿಧಿಯೊಬ್ಬ ಎದುರಿಗಿರಬೇಕಿತ್ತು. ಇಷ್ಟು ಮೊತ್ತ ಪಾವತಿಯಾಯಿತು ಎಂದು ದೃಢೀಕರಿಸುವುದು ಅವನ ಕರ್ತವ್ಯವಾಗಿತ್ತು. ಗುತ್ತಿಗೆದಾರ ಕೊಡದಿದ್ದರೆ, ಕಮ್ಮಿ ಕೊಟ್ಟರೆ, ಮೂಲ ಮಾಲೀಕನೇ ಕೊಟ್ಟು ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳಬೇಕಿತ್ತು. ‘ಅವರು ಏಜೆನ್ಸಿಯವರು’ ಎಂಬ ವಾಕ್ಯದ ಬಾಯನ್ನು ಕಾನೂನು ಐವತ್ತು ವರ್ಷದ ಹಿಂದೆಯೇ ಮುಚ್ಚಿಟ್ಟಿತ್ತು.

ಮೇಲ್ಮನವಿಯಲ್ಲಿ ಇದನ್ನೆಲ್ಲ ಬರೆದೆ. ಕೆಲವು ವಾರಗಳಲ್ಲಿ ಬಿಲ್ಲಿನ ಪ್ರತಿಗಳು ಬಂದವು, ಪುಟಕ್ಕೆ ಎರಡು ರೂಪಾಯಿ. ಬಿಲ್ಲು ಓದುವುದು ಕಷ್ಟದ ವಿದ್ಯೆಯಲ್ಲ. ಇಷ್ಟು ಜನ, ಇಷ್ಟು ದಿನ, ಕನಿಷ್ಠ ವೇತನ. ಅದರ ಮೇಲೆ ಮಾಲೀಕರ ಪಾಲಿನ ಪಿ.ಎಫ್. ಮತ್ತು ಅದರ ಖರ್ಚು ಸೇರಿ ಶೇ. 13, ಇ.ಎಸ್.ಐ. ಶೇ. 3.25, ಕೊನೆಗೆ ಏಜೆನ್ಸಿಯ ಸೇವಾ ಶುಲ್ಕ. ಆ ಕೊನೆಯ ಅಂಕಣ ನೋಡಿ ನಗು ಬಂತು, ಹೆಚ್ಚುಕಡಿಮೆ ಸೊನ್ನೆ. ವೇತನವನ್ನು ಕಾನೂನೇ ಗೊತ್ತುಮಾಡಿರುವುದರಿಂದ ಟೆಂಡರಿನಲ್ಲಿ ಪೈಪೋಟಿಗೆ ಉಳಿಯುವುದು ಸೇವಾ ಶುಲ್ಕವೊಂದೇ. ಗೆಲ್ಲಬೇಕೆನ್ನುವವರು ಅದನ್ನು ಸೊನ್ನೆಯ ಹತ್ತಿರಕ್ಕೆ ತರುತ್ತಾರೆ. ಈ ಆಟ ಎಷ್ಟು ಹಬ್ಬಿತೆಂದರೆ ಕೇಂದ್ರದ ಜೆಮ್ ಖರೀದಿ ತಾಣದಲ್ಲಿ ಶೇ. 3.85ರ ಕನಿಷ್ಠ ಮಿತಿ ಹಾಕಬೇಕಾಯಿತು. ಲಾಭವೇ ಇಲ್ಲದ ವ್ಯಾಪಾರವನ್ನು ಒಬ್ಬ ಮನುಷ್ಯ ವರ್ಷಗಟ್ಟಲೆ ಯಾಕೆ ಮಾಡುತ್ತಾನೆ? ಸಿಂಡಿಕೇಟಿನಲ್ಲಿ ಈ ಪ್ರಶ್ನೆ ಕೇಳಲು ಕಾರ್ಮಿಕ ಕಾನೂನು ಓದಿರಬೇಕಿಲ್ಲ, ಸಂತೆಗೆ ಹೋಗಿ ಬಂದಿದ್ದರೆ ಸಾಕು.

ಒಂದು ದಾರಿ ಕುರುಡಾಯಿತು, ಅದನ್ನೂ ಹೇಳಬೇಕು. ಪಿ.ಎಫ್. ಸಂಸ್ಥೆಯ ಜಾಲತಾಣದಲ್ಲಿ ಏಜೆನ್ಸಿಯ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ಜನರ ಲೆಕ್ಕದಲ್ಲಿ ಹಣ ಕಟ್ಟಿದ್ದಾರೆ ಎಂಬುದು ಯಾರಿಗಾದರೂ ಕಾಣುತ್ತದೆ. ಬಿಲ್ಲಿನ ತಲೆಗಳನ್ನೂ ಅಲ್ಲಿನ ತಲೆಗಳನ್ನೂ ತಾಳೆ ನೋಡಿದೆ. ಏಜೆನ್ಸಿ ಹತ್ತಾರು ಕಡೆ ಜನ ಒದಗಿಸುವುದರಿಂದ ಅಲ್ಲಿನ ಸಂಖ್ಯೆ ದೊಡ್ಡದೇ ಇತ್ತು. ಅದರಿಂದ ಕಳ್ಳತನವೂ ಸಾಬೀತಾಗಲಿಲ್ಲ, ಸಾಚಾತನವೂ ಸಾಬೀತಾಗಲಿಲ್ಲ. ಒಂದು ವಾರ ಹಾಳಾಯಿತು.

ಕೊನೆಗೆ ಕಾರಿಡಾರಿನಲ್ಲೇ ಕೇಳಿದೆ. “ಅಕ್ಕಾ, ಸಂಬಳದ ಚೀಟಿ ಕೊಡ್ತಾರಾ?”

“ಯಾವ ಚೀಟಿ ಸಾರ್? ಬ್ಯಾಂಕಿಗೆ ಬೀಳ್ತದೆ. ಪಿ.ಎಫ್. ಎರಡೂ ಪಾಲು ನಿಮ್ದೇ ಅಂತ ಮೇಸ್ತ್ರಿ ಹಿಡ್ಕೊಂಡೇ ಹಾಕ್ತಾರೆ.”

ಎರಡೂ ಪಾಲು. ಮಾಲೀಕರ ಪಾಲನ್ನು ವಿಶ್ವವಿದ್ಯಾಲಯ ಬಿಲ್ಲಿನಲ್ಲೇ ತೆತ್ತಾಗಿದೆ, ಆ ಹಾಳೆ ನನ್ನ ಚೀಲದಲ್ಲೇ ಇತ್ತು. ಆಕೆ ಹೇಳಿದ್ದು ನಿಜವಾಗಿದ್ದರೆ ಒಂದೇ ಪಾಲನ್ನು ಎರಡು ಕಡೆಯಿಂದ ಎತ್ತಲಾಗಿದೆ. ನಿಜವೋ ಅಲ್ಲವೋ ಹೇಳಬೇಕಾದದ್ದು ವೇತನದ ಚೀಟಿ. ಪಾವತಿಗೆ ಒಂದು ದಿನ ಮುಂಚೆಯೇ ಅದು ಕೈಗೆ ಸೇರಬೇಕೆಂದು 1971ರ ಕೇಂದ್ರ ನಿಯಮಗಳಲ್ಲೇ ಇತ್ತು. ಚೀಟಿ ಇಲ್ಲದ ಕಡೆ ಆಕೆಯ ಮಾತಿಗೆ ಎದುರು ಮೇಸ್ತ್ರಿಯ ಮಾತು, ಅಷ್ಟೇ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದು 1970ರ ಕಾಯ್ದೆ ಹೋಯಿತು. ಮೊದಲು 20 ಜನರಿದ್ದ ಗುತ್ತಿಗೆಗೂ ಅನ್ವಯಿಸುತ್ತಿದ್ದದ್ದು ಈಗ 50 ಜನರಿಂದ ಮೇಲೆ. ಮುಖ್ಯ ಚಟುವಟಿಕೆಗೆ ಗುತ್ತಿಗೆಯವರನ್ನು ಹಚ್ಚಬಾರದು ಎಂದಿದೆ, ಆದರೆ ಗುಡಿಸುವುದು, ಕಾಯುವುದು, ಕ್ಯಾಂಟೀನು ಇವು ಸಾಮಾನ್ಯವಾಗಿ ಮುಖ್ಯವಲ್ಲದ ಪಟ್ಟಿಯಲ್ಲಿವೆ. 49 ಜನರ ಗುತ್ತಿಗೆಗಳು ಎಷ್ಟು ಹುಟ್ಟುತ್ತವೆ ನೋಡಬೇಕು. ನಾನು ಕೇಳುತ್ತಿರುವುದು ಹೇಗೂ ಅದಕ್ಕೆ ಹಿಂದಿನ ವರ್ಷಗಳ ಲೆಕ್ಕ.

ಎರಡನೆಯ ಅರ್ಜಿಯಲ್ಲಿ ಬೇರೇನೂ ಕೇಳಲಿಲ್ಲ. ವೇತನ ಪಾವತಿಗೆ ಸಾಕ್ಷಿಯಾಗಿರಲು ವಿಶ್ವವಿದ್ಯಾಲಯ ನೇಮಿಸಿದ ಪ್ರತಿನಿಧಿ ಯಾರು, ಆ ಆದೇಶದ ಪ್ರತಿ ಕೊಡಿ ಎಂದೆ. ಹಿಂಬರಹ ಈ ಸಲ ಚಿಕ್ಕದಾಗಿತ್ತು. ‘ಪಾವತಿಯು ಬ್ಯಾಂಕ್ ಮೂಲಕ ಆಗುತ್ತಿರುವುದರಿಂದ ಪ್ರತಿನಿಧಿಯ ನೇಮಕದ ಪ್ರಶ್ನೆ ಉದ್ಭವಿಸುವುದಿಲ್ಲ.’

ನಿನ್ನೆ ರಾತ್ರಿ ಮೂರನೆಯದನ್ನು ಬರೆದೆ. ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ತೀರ್ಮಾನಿಸಿದವರು ಯಾರು, ಯಾವ ದಿನ, ಆ ಟಿಪ್ಪಣಿ ಹಾಳೆಯ ಪ್ರತಿ. ಹಾಗೆ ತೀರ್ಮಾನವಾದ ಮೇಲೆ ಗುತ್ತಿಗೆದಾರ ಎಷ್ಟು ಕೊಟ್ಟನೆಂದು ದೃಢೀಕರಿಸಿ ಬಿಲ್ಲು ಪಾಸು ಮಾಡಿದ ಅಧಿಕಾರಿಯ ಪದನಾಮ. ಪದ ಎಣಿಸಿ ನೋಡಿದೆ, 150 ದಾಟಿಲ್ಲ. ಪೋಸ್ಟಾಫೀಸು ಬಾಗಿಲು ತೆಗೆಯುವುದು ಹತ್ತು ಗಂಟೆಗೆ.