ಬೆಂಗಳೂರು ನೀಲಿ: ಪರದೇಶದ ದ್ರಾಕ್ಷಿ, ಊರಿನ ಹೆಸರು

ಬೇಸಿಗೆ ಕಾಲಿಡುವ ಹೊತ್ತಿಗೆ ಬನ್ನೇರುಘಟ್ಟ ರಸ್ತೆಯಲ್ಲಿ ಹುಳಿಮಾವಿನ ಕಡೆ ಹೊರಟರೆ ತಳ್ಳುಗಾಡಿಗಳಲ್ಲಿ ಎರಡು ಬಗೆಯ ದ್ರಾಕ್ಷಿ ಕಾಣುತ್ತದೆ. ಒಂದು ಹಸಿರು ಬಣ್ಣದ, ಬೀಜವಿಲ್ಲದ ದ್ರಾಕ್ಷಿ. ಇನ್ನೊಂದು ಗುಂಡಗಿನ, ಕಡುನೀಲಿಯ, ಮೈಮೇಲೆ ತೆಳ್ಳಗೆ ಬೂದಿ ಬಳಿದಂತಿರುವ ಹಣ್ಣು. ಮೊದಲನೆಯದನ್ನು ಬಾಯಿಗೆ ಹಾಕಿ ರುಚಿ ನೋಡಿ ಕೊಳ್ಳಬೇಕು. ಎರಡನೆಯದಕ್ಕೆ ಮೂಗೊಂದೇ ಸಾಕು. ಗಾಡಿ ನಾಲ್ಕು ಹೆಜ್ಜೆ ದೂರವಿರುವಾಗಲೇ ಅದರ ಘಮ ಬಂದು ತಟ್ಟುತ್ತದೆ. ಹೆಸರಿನಲ್ಲೇ ಹುಳಿಯನ್ನಿಟ್ಟುಕೊಂಡ ಊರಿನಲ್ಲಿ ಮಾರಾಟವಾಗುವ ಈ ಹುಳಿಸಿಹಿ ಹಣ್ಣೇ 'ಬೆಂಗಳೂರು ನೀಲಿ'.

ದಕ್ಷಿಣ ಭಾರತದಲ್ಲಿ ಕೆಂಪು ವೈನಿಗೆ ಬಹುಕಾಲ ಒದಗಿದ ದ್ರಾಕ್ಷಿ ಇದು. ಕ್ರಿಸ್ಮಸ್‌ಗೆಂದು ಭರಣಿಯಲ್ಲಿ ವೈನ್ ಹಾಕುತ್ತಿದ್ದ ಬೆಂಗಳೂರಿನ ಕ್ರೈಸ್ತ ಮನೆಗಳಿಗೂ ಇದೇ ಬೇಕಿತ್ತು. ಆದರೆ ವೈನ್ ಬಲ್ಲವರ ಸಭೆಯಲ್ಲಿ ಇದಕ್ಕೆ ಎಂದೂ ಮಣೆ ಹಾಕಿದವರಿಲ್ಲ. ಒಂದು ಕಡೆ ಗುಣವೆನಿಸಿದ್ದು ಇನ್ನೊಂದು ಕಡೆ ದೋಷವಾಗುವುದು ಹೇಗೆ ಎಂಬುದಕ್ಕೆ ಈ ಹಣ್ಣಿನ ಚರಿತ್ರೆಯೇ ಸಾಕ್ಷಿ.

ಹೆಸರು ಬೆಂಗಳೂರಿನದಾದರೂ ಮೂಲ ಇಲ್ಲಿಯದಲ್ಲ. ತೋಟಗಾರಿಕೆಯ ಗ್ರಂಥಗಳು ಇದಕ್ಕೆ ಕೊಡುವ ಇನ್ನೊಂದು ಹೆಸರು 'ಇಸಬೆಲ್ಲಾ'. ಅಮೆರಿಕದ ಪೂರ್ವ ಭಾಗದ ಕಾಡುಗಳಲ್ಲಿ ಲ್ಯಾಬ್ರುಸ್ಕಾ ಎಂಬ ಜಾತಿಯ ದ್ರಾಕ್ಷಿ ತಾನಾಗಿ ಬೆಳೆಯುತ್ತದೆ. ಯುರೋಪಿನಿಂದ ವಲಸೆ ಬಂದವರು ತಂದು ನೆಟ್ಟ ವಿನಿಫೆರಾ ಜಾತಿಯೊಂದಿಗೆ ಅದು ಬೆರೆತು ಇಸಬೆಲ್ಲಾ ಹುಟ್ಟಿತೆಂದು ತಜ್ಞರು ಹೇಳುತ್ತಾರೆ. ನ್ಯೂಯಾರ್ಕ್ ಬಳಿಯ ಸಸಿ ವ್ಯಾಪಾರಿ ವಿಲಿಯಂ ಪ್ರಿನ್ಸ್ 19ನೇ ಶತಮಾನದ ಆರಂಭದಲ್ಲಿ ಇದನ್ನು ಪ್ರಚಾರಕ್ಕೆ ತಂದ. ಬ್ರೂಕ್ಲಿನ್‌ನ ಇಸಬೆಲ್ಲಾ ಗಿಬ್ಸ್ ಎಂಬ ಮಹಿಳೆಯ ತೋಟದಿಂದ ಬಂದದ್ದರಿಂದ ಆಕೆಯ ಹೆಸರೇ ಹಣ್ಣಿಗೆ ಉಳಿಯಿತು. ಬೆಂಗಳೂರಿನ ಸುತ್ತ ಇದರ ಬೇಸಾಯಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ ಎಂಬ ಮಾತಿದೆ.

ಹಣ್ಣಿನ ಸ್ವಭಾವ ಅರಿಯಲು ಒಂದು ಕಾಳನ್ನು ಬೆರಳಲ್ಲಿ ಒತ್ತಿದರೆ ಸಾಕು. ಸಿಪ್ಪೆ ಕೈಯಲ್ಲಿ ಉಳಿಯುತ್ತದೆ, ತಿರುಳು ಇಡಿಯಾಗಿ ಬಾಯಿಗೆ ಜಾರುತ್ತದೆ. ಇದು ಲ್ಯಾಬ್ರುಸ್ಕಾ ರಕ್ತದ ಗುರುತು. ವಿನಿಫೆರಾ ಜಾತಿಯಲ್ಲಿ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ. ಮೂಗಿಗೆ ಅಡರುವ ಘಮಕ್ಕೆ ಮುಖ್ಯ ಕಾರಣ ಮೀಥೈಲ್ ಆಂತ್ರನಿಲೇಟ್ ಎಂಬ ರಾಸಾಯನಿಕ. ದ್ರಾಕ್ಷಿ ರುಚಿಯ ಮಿಠಾಯಿ, ಶರಬತ್ತುಗಳಿಗೆ ಕಾರ್ಖಾನೆಗಳಲ್ಲಿ ಬೆರೆಸುವ ಪರಿಮಳವೂ ಇದೇ. ನಮ್ಮ ಮಕ್ಕಳು 'ದ್ರಾಕ್ಷಿ ವಾಸನೆ' ಎಂದು ಗುರುತಿಸುವುದು ಇದನ್ನೇ. ಆದರೆ ವಿನಿಫೆರಾ ವೈನಿಗೆ ಒಗ್ಗಿದ ಯುರೋಪಿನ ನಾಲಿಗೆಗೆ ಇದು ಒಗ್ಗಲಿಲ್ಲ. ಅಮೆರಿಕದ ವಲಸಿಗರು ಈ ಕಾಡು ಜಾತಿಯನ್ನು 'ನರಿದ್ರಾಕ್ಷಿ' ಎಂದು ಕರೆದರು. ಇಂದಿಗೂ ವೈನ್ ಪರೀಕ್ಷಕರು ಈ ವಾಸನೆಗೆ ನರಿಯ ಹೆಸರನ್ನೇ ಹೇಳುತ್ತಾರೆ. ಕೈಗೆಟುಕದ ದ್ರಾಕ್ಷಿಯನ್ನು ಹುಳಿ ಎಂದ ನರಿಯ ಕತೆ ನಮಗೆ ಗೊತ್ತು; ಇಲ್ಲಿ ಕೈಗೆಟುಕಿದ ದ್ರಾಕ್ಷಿಯ ಮೇಲೆಯೇ ನರಿಯ ಅಪವಾದ!

ಅಪವಾದ ಮಾತಿಗೆ ನಿಲ್ಲಲಿಲ್ಲ. 1820ರ ದಶಕದಲ್ಲಿ ಯುರೋಪಿಗೆ ಹೋದ ಇಸಬೆಲ್ಲಾ, ಶತಮಾನದ ಮಧ್ಯದಲ್ಲಿ ಬೂದಿ ರೋಗ ಅಲ್ಲಿನ ತೋಟಗಳನ್ನು ಹಾಳುಗೆಡವಿದಾಗ ತಾನು ತಾಳಿಕೊಂಡು ರೈತರ ನಂಬಿಕೆ ಗಳಿಸಿತು. ವಿಪರ್ಯಾಸವೆಂದರೆ ಆ ರೋಗವೂ, 1860ರ ದಶಕದಲ್ಲಿ ಬೇರನ್ನೇ ತಿಂದ ಫಿಲಾಕ್ಸೆರಾ ಕೀಟವೂ ಅಮೆರಿಕದ ಬಳ್ಳಿಗಳೊಡನೆಯೇ ಬಂದವು. 1934ರಲ್ಲಿ ಫ್ರಾನ್ಸ್ ಕಾನೂನು ತಂದು ಇಸಬೆಲ್ಲಾ ಸೇರಿದಂತೆ ಆರು ತಳಿಗಳನ್ನು ನಿಷೇಧಿಸಿತು. ಇವುಗಳ ವೈನ್ ಆರೋಗ್ಯಕ್ಕೆ ಹಾನಿಕರ ಎಂಬ ಮಾತೂ ಕೇಳಿಬಂತು. ಆದರೆ ಆಗ ಫ್ರಾನ್ಸಿನಲ್ಲಿ ವೈನ್ ಉತ್ಪಾದನೆ ಮಿತಿಮೀರಿ ಬೆಲೆ ಕುಸಿದಿತ್ತು. ಬಳ್ಳಿ ಕಡಿಮೆ ಮಾಡಲು ಕಾರಣವೊಂದು ಬೇಕಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಅಲ್ಲಿ ಬೇಡವಾದದ್ದು ಇಲ್ಲಿ ಬೇರೂರಿತು. ಬೆಂಗಳೂರು, ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣು ಅದಕ್ಕೆ ಹಿಡಿಸಿತು. ಚಳಿದೇಶದ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯಿಲ್ಲ. ಕಡ್ಡಿ ಸವರಿದಾಗಲೆಲ್ಲ ಹೊಸ ಚಿಗುರು, ಚಿಗುರಿನೊಡನೆ ಹೂಗೊಂಚಲು. ನಾಸಿಕ್ ಕಡೆಯ ರೈತರು ವರ್ಷಕ್ಕೆರಡು ಬಾರಿ ಸವರಿದರೂ ಒಂದೇ ಬೆಳೆ ತೆಗೆಯುತ್ತಾರೆ. ಬೆಂಗಳೂರು ನೀಲಿಯ ಬೆಳೆಗಾರ ಎರಡು ಬೆಳೆ ತೆಗೆಯುತ್ತಾನೆ. ಮಳೆಗಾಲದಲ್ಲಿ ದ್ರಾಕ್ಷಿಯನ್ನು ಕಾಡುವ ಚಿಬ್ಬು ರೋಗ, ತುಕ್ಕು ರೋಗಗಳನ್ನು ಇದು ತಡೆದುಕೊಳ್ಳುತ್ತದೆ. ಎಲ್ಲ ರೋಗವನ್ನೂ ಗೆಲ್ಲುತ್ತದೆ ಎಂದಲ್ಲ. ಬೂಜು ತುಪ್ಪಟ ರೋಗಕ್ಕೆ ಇದೂ ಸೋಲುತ್ತದೆ. ಆದರೂ ಕಲ್ಲುಕಂಬ ನೆಟ್ಟು, ತಂತಿ ಎಳೆದು ಚಪ್ಪರ ಹಾಕಿದ ಸಣ್ಣ ರೈತನಿಗೆ ಎರಡು ಬೆಳೆ ಎಂದರೆ ಎರಡು ಬಾರಿ ಕೈಗೆ ಬರುವ ದುಡ್ಡು. ನರಿವಾಸನೆಯ ಚಿಂತೆ ಅವನಿಗಿರಲಿಲ್ಲ.

ಈ ಹಣ್ಣಿನೂರು ಬೆಂಗಳೂರಿಗೆ ಒಂದು ದೊಡ್ಡ ಸಂಸ್ಥೆಯನ್ನೂ ಕೊಟ್ಟಿತು. ಹಾಪ್‌ಕಾಮ್ಸ್ ಮಳಿಗೆ ಅರಿಯದ ಬೆಂಗಳೂರಿಗರಿಲ್ಲ. ಅದು 1959ರಲ್ಲಿ ಹುಟ್ಟಿದ್ದು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಎಂಬುದು ಮಾತ್ರ ಹಲವರಿಗೆ ತಿಳಿಯದು. ಬೇಗ ಕೊಳೆಯುವ ಹಣ್ಣನ್ನು ಹಿಡಿದು ಬೆಳೆಗಾರ ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲಬಾರದೆಂದು ತೋಟಗಾರಿಕೆಯ ಧೀಮಂತ ಡಾ. ಎಂ. ಎಚ್. ಮರಿಗೌಡರು ಇದಕ್ಕೆ ಮುಂದಾದರು. ಸೊಪ್ಪು, ತರಕಾರಿ, ಉಳಿದ ಹಣ್ಣುಗಳೆಲ್ಲ ಆಮೇಲೆ ಸೇರಿದವು. ಫೆಬ್ರುವರಿಯ ಸುಮಾರಿಗೆ ಹಾಪ್‌ಕಾಮ್ಸ್ ನಡೆಸುತ್ತ ಬಂದಿರುವ ದ್ರಾಕ್ಷಿ, ಕಲ್ಲಂಗಡಿ ಮೇಳದಲ್ಲಿ ಆ ಹಳೆಯ ನಂಟಿನ ಗುರುತುಂಟು.

ಇನ್ನು ವೈನಿನ ಮಾತು. ಬೆಂಗಳೂರು ನೀಲಿಯ ರಸದಲ್ಲಿ ಸಕ್ಕರೆ ಮೊದಲಾದ ಕರಗಿದ ಅಂಶ ನೂರಕ್ಕೆ 16ರಿಂದ 18 ಪಾಲು. ಒಣ ಕೆಂಪು ವೈನಿಗೆ ಬಳಸುವ ವಿನಿಫೆರಾ ಹಣ್ಣಿನಲ್ಲಿ ಇದು 22 ದಾಟುವುದೂ ಉಂಟು. ಹುದುಗುವಾಗ ಸಕ್ಕರೆಯೇ ಮದ್ಯಸಾರವಾಗುವುದರಿಂದ ನೀಲಿಯ ವೈನಿಗೆ ಕಸುವು ಕಡಿಮೆ, ಹುಳಿ ಮುಂದು. ಆದ್ದರಿಂದ ಸಿಹಿ ಉಳಿಸಿ, ಮದ್ಯಸಾರ ಬೆರೆಸಿ ಮಾಡುವ 'ಪೋರ್ಟ್' ಮಾದರಿಗೆ ಇದು ಸರಿಹೊಂದಿತು. ಗೋವಾದಲ್ಲಿ ತಯಾರಾಗುವ ಸಿಹಿ ಪೋರ್ಟ್ ವೈನುಗಳಿಗೂ ಈ ದ್ರಾಕ್ಷಿ ಹೋಗುತ್ತಿತ್ತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಬ್ಲ್ಯಾಕ್ ಚಂಪಾದೊಡನೆ ಕೂಡಿಸಿ 'ಅರ್ಕಾ ಶ್ಯಾಮ್', ಅನಾಬ್‌-ಎ-ಶಾಹಿಯೊಡನೆ ಕೂಡಿಸಿ 'ಅರ್ಕಾ ಹಂಸ್' ತಳಿಗಳನ್ನು ಪಡೆದರು. ಹೊಸ ತಳಿ ಕಟ್ಟುವವರಿಗೆ ಈ ಒರಟು ಬಳ್ಳಿ ಬೇಕಾಯಿತು ಎನ್ನುವುದೇ ಅದರ ಗುಣಕ್ಕೊಂದು ಪ್ರಮಾಣ.

1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳ ತೋಟ ಆರಂಭಿಸಿತು. ಕ್ಯಾಬರ್ನೆ ಸಾವಿನ್ಯೋ, ಶಿರಾಜ್ ಎಂಬ ಹೆಸರುಗಳು ದೊಡ್ಡಬಳ್ಳಾಪುರದ ಸುತ್ತ ಕೇಳತೊಡಗಿದವು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಹಾಗೂ ವೈನ್ ನೀತಿ ತಂದಿತು. ವೈನ್ ಕುಡಿಯುವವರು ಹೆಚ್ಚಿದಂತೆ ಅವರ ನಾಲಿಗೆಯೂ ಬದಲಾಯಿತು. ಸಿಹಿ ಪೋರ್ಟ್ ಹಳೆಯ ಕಾಲದ್ದೆನಿಸಿತು. ಅದೇ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ದ್ರಾಕ್ಷಿಯ ಸೀಮೆಯೇ ನಿವೇಶನಗಳ ಸೀಮೆಯಾಗತೊಡಗಿತು. ವರ್ಷಕ್ಕೆರಡು ಬೆಳೆ ಕೊಡುವ ಚಪ್ಪರವೂ ಚದರಡಿ ಲೆಕ್ಕದ ಮುಂದೆ ನಿಲ್ಲುವುದು ಕಷ್ಟ.

2013ರಲ್ಲಿ ಬೆಂಗಳೂರು ನೀಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಈ ನೆಲದ ಹೊರಗೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಅಮೆರಿಕದಲ್ಲಿ ಹುಟ್ಟಿ, ಫ್ರಾನ್ಸಿನಲ್ಲಿ ಬಹಿಷ್ಕಾರ ಅನುಭವಿಸಿದ ಬಳ್ಳಿಗೆ ಒಂದು ಊರು ಕಾನೂನುಬದ್ಧವಾಗಿ ತನ್ನ ಹೆಸರು ಕೊಟ್ಟದ್ದು ಸಣ್ಣ ಸಂಗತಿಯಲ್ಲ. ಆದರೆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ಹೊಲವನ್ನಲ್ಲ. ಹೊಲ ಉಳಿಯಬೇಕಾದರೆ ಬೆಳೆಗಾರನಿಗೆ ಬೆಲೆ ಸಿಗಬೇಕು. ಬೆಲೆ ಸಿಗಬೇಕಾದರೆ ಈ ಹಣ್ಣನ್ನು ಫ್ರೆಂಚ್ ದ್ರಾಕ್ಷಿಯ ಅಳತೆಗೋಲಿನಿಂದ ಅಳೆಯುವುದನ್ನು ಬಿಟ್ಟು, ರಸಕ್ಕೋ ಜಾಮಿಗೋ ಸಿಹಿ ವೈನಿಗೋ ಅದು ಇರುವಂತೆಯೇ ಒಪ್ಪುವ ಗಿರಾಕಿ ಬೇಕು.

ಆ ಗಿರಾಕಿಯನ್ನು ದೂರ ಹುಡುಕಬೇಕಿಲ್ಲ. ಹುಳಿಮಾವಿನ ತಳ್ಳುಗಾಡಿಯ ಮುಂದೆ, ಘಮ ಬಂದು ತಟ್ಟಿದಾಗ ಬೀಜವಿದೆಯೆಂದು ಗೊಣಗುತ್ತಲೇ ಅರ್ಧ ಕಿಲೋ ತೂಗಿಸಿಕೊಳ್ಳುವವರು ಈಗಲೂ ಇದ್ದಾರೆ.