ಐದು ಅಂಕದ ಒಂದು ವರ್ಷ: ಆಸ್ಟ್ರೇಲಿಯದ ಪ್ರೊಫೆಷನಲ್ ಇಯರ್ ಮತ್ತು ಕೌಶಲ ವಲಸೆಯ ಲೆಕ್ಕಾಚಾರ

ಆಸ್ಟ್ರೇಲಿಯದ ವಿಶ್ವವಿದ್ಯಾಲಯಗಳಲ್ಲಿ ಅಕೌಂಟಿಂಗ್, ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಓದಿದ ವಿದೇಶಿ ಪದವೀಧರರಿಗಾಗಿ ಅಲ್ಲಿನ ವೃತ್ತಿ ಸಂಸ್ಥೆಗಳ ಹೆಸರಿನಲ್ಲಿ ಒಂದು ತರಬೇತಿ ನಡೆಯುತ್ತದೆ. ಅದನ್ನು ಪ್ರೊಫೆಷನಲ್ ಇಯರ್ ಎನ್ನುತ್ತಾರೆ. ಸುಮಾರು 44 ವಾರಗಳ ಪಠ್ಯವನ್ನು ಒಂದು ವರ್ಷಕ್ಕೆ ಹಂಚಿರುತ್ತಾರೆ. ಕಚೇರಿಯ ನಡೆನುಡಿ, ವೃತ್ತಿಪರ ಬರವಣಿಗೆ, ಸಂದರ್ಶನದ ತಯಾರಿ ಕಲಿಸುತ್ತಾರೆ. 12 ವಾರ ಯಾವುದಾದರೂ ಕಂಪನಿಯಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ಮುಗಿಸಿದವರಿಗೆ ಕೌಶಲ ವಲಸೆಯ ಅಂಕ ಪರೀಕ್ಷೆಯಲ್ಲಿ ಐದು ಅಂಕ.

ಪಿಆರ್, ಅಂದರೆ ಶಾಶ್ವತ ವಾಸದ ಹಕ್ಕು, ಬಯಸುವವರು ಇದನ್ನು ಮಾಡಬೇಕೇ ಎಂದು ಕೇಳಿದರೆ ವಲಸೆ ಏಜೆಂಟರಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಐದು ಅಂಕ ಸಿಗುತ್ತದೆ, ಮಾಡಿ. ಮಾತು ಸುಳ್ಳಲ್ಲ. ಆದರೆ ಐದು ಅಂಕ ಸಿಗುವುದು ಬೇರೆ, ಅರ್ಜಿಗೆ ಉಪಯೋಗವಾಗುವುದು ಬೇರೆ. ಈ ತರಬೇತಿಯ ವಲಸೆ ಮೌಲ್ಯವನ್ನು ಅದರ ಪಠ್ಯವಾಗಲಿ ಇಂಟರ್ನ್‌ಶಿಪ್ಪಿನ ಗುಣಮಟ್ಟವಾಗಲಿ ನಿರ್ಧರಿಸುವುದಿಲ್ಲ. ಅರ್ಜಿದಾರರ ವೃತ್ತಿಯನ್ನು ಮೌಲ್ಯಮಾಪನ ಮಾಡುವ ಸಂಸ್ಥೆ ಅದನ್ನು ಯಾವ ಲೆಕ್ಕಕ್ಕೆ ಇಟ್ಟುಕೊಂಡಿದೆ ಮತ್ತು ಅದೇ ವರ್ಷವನ್ನು ಬೇರೆ ರೀತಿಯಲ್ಲಿ ಕಳೆದಿದ್ದರೆ ಎಷ್ಟು ಅಂಕ ಬರುತ್ತಿತ್ತು ಎಂಬ ಎರಡು ಸಂಗತಿಗಳು ನಿರ್ಧರಿಸುತ್ತವೆ ಎಂಬುದು ನನ್ನ ವಾದ.

ಯೋಜನೆ ಹುಟ್ಟಿದ ಸಂದರ್ಭವನ್ನು ನೋಡದೆ ಇದು ಸ್ಪಷ್ಟವಾಗದು. 2001ರ ನಂತರ ಆಸ್ಟ್ರೇಲಿಯದಲ್ಲಿ ಓದಿದವರು ದೇಶ ಬಿಡದೆ ಅಲ್ಲಿಂದಲೇ ವಲಸೆ ಅರ್ಜಿ ಹಾಕಲು ಅವಕಾಶವಾಯಿತು. ಅಕೌಂಟಿಂಗ್ ಮಾಸ್ಟರ್ಸ್‌ಗೆ ಸೇರುವವರ ಸಾಲು ಬೆಳೆಯಿತು. ಹೀಗೆ ಪಿಆರ್ ಪಡೆದವರಲ್ಲಿ ಮೂರರಲ್ಲಿ ಒಬ್ಬರಷ್ಟು ಮಂದಿಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಐಇಎಲ್‌ಟಿಎಸ್ 6ರ ಮಟ್ಟವೂ ಇರಲಿಲ್ಲವೆಂದು ಸಮಾಜಶಾಸ್ತ್ರಜ್ಞ ಬಾಬ್ ಬಿರೆಲ್ 2006ರಲ್ಲಿ ತೋರಿಸಿದಾಗ ದೊಡ್ಡ ಚರ್ಚೆಯೇ ಎದ್ದಿತು. ಓದಿದ್ದಾರೆ, ವೀಸಾ ಸಿಕ್ಕಿದೆ, ಆದರೆ ಓದಿದ ಕೆಲಸ ಸಿಗುತ್ತಿಲ್ಲ: ಸಮಸ್ಯೆಯ ಸ್ವರೂಪ ಇದು. 2007ರ ಸೆಪ್ಟೆಂಬರ್ 1ರಿಂದ ಬಂದ ಸುಧಾರಣೆ ಇಂಗ್ಲಿಷಿನ ಮಟ್ಟವನ್ನು ಏರಿಸಿತು, ಪದವೀಧರರಿಗೆ 485 ಎಂಬ ತಾತ್ಕಾಲಿಕ ವೀಸಾ ಕೊಟ್ಟಿತು, ಪ್ರೊಫೆಷನಲ್ ಇಯರ್‌ಗೆ ಅಂಕವನ್ನೂ ಕೊಟ್ಟಿತು.

ಆಗಿನ ನಿಯಮದಲ್ಲಿ ಗಮನಿಸಬೇಕಾದದ್ದು ಒಂದಿದೆ. ಆಸ್ಟ್ರೇಲಿಯದಲ್ಲಿ ಒಂದು ವರ್ಷ ತಮ್ಮ ವೃತ್ತಿಯಲ್ಲಿ ದುಡಿದವರಿಗೂ ಪ್ರೊಫೆಷನಲ್ ಇಯರ್ ಮುಗಿಸಿದವರಿಗೂ ಒಂದೇ ಬಾಬಿನಲ್ಲಿ ಹತ್ತು ಅಂಕ ಸಿಗುತ್ತಿತ್ತು; ಎರಡರಲ್ಲಿ ಒಂದು ಸಾಕಿತ್ತು. ಕೆಲಸ ಸಿಗದವರಿಗೆ ಕೆಲಸದ ಬದಲಿಗೆ ಕೊಟ್ಟ ದಾರಿ ಅದಾಗಿತ್ತು. 2011ರ ಜುಲೈ 1ರಂದು ಹೊಸ ಅಂಕ ಪರೀಕ್ಷೆ ಜಾರಿಗೆ ಬಂದಾಗ ಎರಡೂ ಬೇರೆ ಬೇರೆ ಬಾಬುಗಳಾದವು. ಅಂದಿನಿಂದ ದುಡಿಮೆಯ ಒಂದು ವರ್ಷಕ್ಕೆ ಐದು, ತರಬೇತಿಗೆ ಐದು. ಎರಡೂ ಇದ್ದರೆ ಹತ್ತು. ಬದಲಿಯಾಗಿ ಹುಟ್ಟಿದ್ದು ಹೆಚ್ಚುವರಿಯಾಯಿತು. ಇದರ ಪರಿಣಾಮ ತಲೆಕೆಳಗಾಗಿದೆಯೆಂದೇ ನನಗೆ ತೋರುತ್ತದೆ. ಈಗಾಗಲೇ ಒಳ್ಳೆಯ ಕೆಲಸದಲ್ಲಿದ್ದು ಬಿಡುವಿನಲ್ಲಿ ತರಗತಿಗೆ ಹೋಗಬಲ್ಲವರು ಹತ್ತು ಅಂಕ ಗಳಿಸುತ್ತಾರೆ. ಯಾರಿಗಾಗಿ ಯೋಜನೆ ಹುಟ್ಟಿತೋ ಆ ಕೆಲಸವಿಲ್ಲದವರು ಐದಕ್ಕೇ ನಿಲ್ಲುತ್ತಾರೆ.

ಇಂಟರ್ನ್‌ಶಿಪ್ಪನ್ನೇ ಉದ್ಯೋಗದ ಅನುಭವವೆಂದು ತೋರಿಸಬಹುದಲ್ಲ ಎಂದು ಕೆಲವರು ಭಾವಿಸುತ್ತಾರೆ. ಅಂಕ ಪರೀಕ್ಷೆಯ ನಿಯಮದಲ್ಲಿ ಉದ್ಯೋಗವೆಂದರೆ ವಾರಕ್ಕೆ ಕನಿಷ್ಠ 20 ಗಂಟೆ, ಅದೂ ಸಂಬಳಕ್ಕೆ. ಸಂಬಳವಿಲ್ಲದ 12 ವಾರ ಅಲ್ಲಿ ಲೆಕ್ಕಕ್ಕಿಲ್ಲ.

ವಲಸೆ ನಿಯಮಾವಳಿಯ 6ಡಿ ಅನುಸೂಚಿಯ ಒಕ್ಕಣೆಯೂ ಎಚ್ಚರದಿಂದ ಓದುವಂಥದ್ದು. ತರಬೇತಿ ಆಸ್ಟ್ರೇಲಿಯದಲ್ಲೇ ಆಗಿರಬೇಕು, ಅರ್ಜಿಯಲ್ಲಿ ಹೆಸರಿಸಿದ ವೃತ್ತಿಗೆ ಅಥವಾ ಅದಕ್ಕೆ ತೀರ ಹತ್ತಿರದ ವೃತ್ತಿಗೆ ಸೇರಿರಬೇಕು, ಅರ್ಜಿ ಸಲ್ಲಿಸಲು ಆಹ್ವಾನ ಬಂದ ದಿನದ ಹಿಂದಿನ 48 ತಿಂಗಳಲ್ಲಿ ಕನಿಷ್ಠ 12 ತಿಂಗಳಷ್ಟು ನಡೆದಿರಬೇಕು. ನಾಲ್ಕು ವರ್ಷ ಅವಧಿಯಿದೆ ಎಂದು ಇದನ್ನು ಸಲೀಸಾಗಿ ಹೇಳುವುದುಂಟು. ಅಕ್ಷರಶಃ ಓದಿದರೆ ಆ ಹನ್ನೆರಡು ತಿಂಗಳೂ ನಲವತ್ತೆಂಟರ ಒಳಗೆ ಬೀಳಬೇಕು. ಹಾಗಾದರೆ ಮುಗಿಸಿದ ಮೂರು ವರ್ಷದ ಆಚೆಗೆ ಅಂಕ ಉಳಿಯುವುದು ಅನುಮಾನ. ಇನ್ನೊಂದು ತುದಿಯಲ್ಲೂ ಅಪಾಯವಿದೆ. ಕೋರ್ಸು ಮುಗಿಯುವ ಮೊದಲೇ ಆ ಐದು ಅಂಕವನ್ನು ಸೇರಿಸಿ ಆಹ್ವಾನ ಕೋರುವ ಆಸಕ್ತಿ ಪತ್ರ ಹಾಕಿದವರಿಗೆ ಅದು ಬಂದುಬಿಟ್ಟರೆ, ಆ ದಿನ ಇಲ್ಲದ ಅಂಕವನ್ನು ಆಮೇಲೆ ಪಡೆದರೂ ಪ್ರಯೋಜನವಿಲ್ಲ. ವೀಸಾ ನಿರಾಕರಣೆಗೆ ಅಷ್ಟು ಸಾಕು.

ಮೂರು ವೃತ್ತಿಗಳನ್ನು ಒಟ್ಟಿಗೆ ಕಟ್ಟಿ ಮಾತಾಡುವುದು ಈ ವಿಷಯದಲ್ಲಿ ಅತ್ಯಂತ ದಾರಿತಪ್ಪಿಸುವ ಅಭ್ಯಾಸ. ಅಂಕ ಎಷ್ಟೇ ಇರಲಿ, ಮೊದಲು ವೃತ್ತಿ ಸಂಸ್ಥೆಯಿಂದ ಕೌಶಲ ಮೌಲ್ಯಮಾಪನ ಆಗಬೇಕು. ಎಂಜಿನಿಯರಿಂಗಿನಲ್ಲಿ ಮಾನ್ಯತೆಯಿರುವ ಆಸ್ಟ್ರೇಲಿಯದ ಪದವಿ ಇದ್ದರೆ ಎಂಜಿನಿಯರ್ಸ್ ಆಸ್ಟ್ರೇಲಿಯ ಸಂಸ್ಥೆ ಪದವಿಯ ಆಧಾರದಲ್ಲೇ ಮೌಲ್ಯಮಾಪನ ಮಾಡುತ್ತದೆ. ಪ್ರೊಫೆಷನಲ್ ಇಯರ್ ಅಲ್ಲಿ ಬರೀ ಐದು ಅಂಕ. ಅಕೌಂಟಿಂಗಿನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಕಂಪ್ಯೂಟರ್ ಕ್ಷೇತ್ರದ ಕತೆ ಬೇರೆ. ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಅಂದರೆ ಎಸಿಎಸ್, ಆಸ್ಟ್ರೇಲಿಯದಲ್ಲಿ ಓದಿದವರ ಪದವಿಯೊಂದನ್ನೇ ಸಾಕೆನ್ನುವುದಿಲ್ಲ. ಪದವಿಯ ಜೊತೆಗೆ ಒಂದು ವರ್ಷದ ಸಂಬಂಧಪಟ್ಟ ಕೆಲಸ, ಇಲ್ಲವೇ ಎಸಿಎಸ್‌ನ ಪ್ರೊಫೆಷನಲ್ ಇಯರ್ ಬೇಕೆಂಬುದು ಅದು ಬಹುಕಾಲದಿಂದ ನಡೆಸಿಕೊಂಡು ಬಂದ ನಿಯಮ. 2007ರ ಹಳೆಯ ತರ್ಕ, ಕೆಲಸ ಅಥವಾ ಅದರ ಬದಲಿ, ಅಂಕ ಪರೀಕ್ಷೆಯಿಂದ ಹೋದರೂ ಇಲ್ಲಿ ಉಳಿದುಕೊಂಡಿದೆ. ಕೆಲಸ ಸಿಗದ ಕಂಪ್ಯೂಟರ್ ಪದವೀಧರರಿಗೆ ಈ ತರಬೇತಿ ಬಾಗಿಲು. ಅಂಕ ಅದರ ಜೊತೆಗೆ ಬಂದದ್ದು. ಬಾಗಿಲೇ ತೆರೆಯದಿದ್ದರೆ ತೊಂಬತ್ತು ಅಂಕವಿದ್ದರೂ ಅರ್ಜಿ ಮುಂದೆ ಹೋಗದು.

ಕರ್ನಾಟಕದಿಂದ ಹೋದವರಲ್ಲಿ ಈ ವ್ಯತ್ಯಾಸ ಎರಡು ಗುಂಪುಗಳನ್ನು ಬೇರ್ಪಡಿಸುತ್ತದೆ. ವಿಟಿಯುವಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿಇ ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ಆಮೇಲೆ ಮಾಸ್ಟರ್ಸ್‌ಗೆ ಹೊರಟವರನ್ನು ನೋಡಿ. ಪದವಿ ವೃತ್ತಿಗೆ ನಿಕಟವಾಗಿ ಹೊಂದುವಂತಿದ್ದರೆ ಎಸಿಎಸ್ ಇತ್ತೀಚಿನ ಹತ್ತು ವರ್ಷದೊಳಗಿನ ಅನುಭವದಿಂದ ಎರಡು ವರ್ಷ ಕಳೆದು ಉಳಿದದ್ದನ್ನು ಕೌಶಲದ ದುಡಿಮೆಯೆಂದು ಎಣಿಸುತ್ತದೆ. ಉಳಿದ ಮೂರು ವರ್ಷಕ್ಕೆ ಐದು ಅಂಕ. ಅವರ ಬಾಗಿಲು ಊರಿನಲ್ಲಿದ್ದಾಗಲೇ ತೆರೆದಿದೆ. ಮೆಲ್ಬರ್ನಿನಲ್ಲಿ ಪ್ರೊಫೆಷನಲ್ ಇಯರ್ ಅವರಿಗೆ ಅಂಕದ ವಿಷಯ ಮಾತ್ರ. ಬಿಇ ಮುಗಿದ ವರ್ಷವೇ ವಿಮಾನ ಹತ್ತಿದವರಿಗೆ ಹಾಗಲ್ಲ. ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂತ ಇಬ್ಬರು ಒಂದೇ ಶುಲ್ಕ ಕಟ್ಟಿ ಎರಡು ಬೇರೆ ಸರಕು ಕೊಳ್ಳುತ್ತಿರುತ್ತಾರೆ.

ಇನ್ನು ಅಂಕದ ಕೂಡುಕಳೆ. 27 ವರ್ಷದ, ಮದುವೆಯಾಗದ, ಮಾಸ್ಟರ್ಸ್ ಮುಗಿಸಿದ ಒಬ್ಬರನ್ನು ಊಹಿಸಿಕೊಳ್ಳೋಣ. ವಯಸ್ಸಿಗೆ 30, ಪದವಿಗೆ 15, ಐಇಎಲ್‌ಟಿಎಸ್ 7ರ ಮಟ್ಟದ ಇಂಗ್ಲಿಷಿಗೆ 10, ಆಸ್ಟ್ರೇಲಿಯದಲ್ಲಿ ಎರಡು ವರ್ಷ ಓದಿದ್ದಕ್ಕೆ 5, ಸಂಗಾತಿ ಇಲ್ಲದ್ದಕ್ಕೆ 10, ಒಟ್ಟು 70. ಕನಿಷ್ಠ ಮಿತಿ 2018ರ ಜುಲೈಯಿಂದ 65. ಹಾಗಾದರೆ ಅರ್ಹತೆಗೆ ಪ್ರೊಫೆಷನಲ್ ಇಯರ್ ಬೇಡವೇ ಬೇಡ. ಬೇಕಾಗುವುದು ಪೈಪೋಟಿಗೆ, ಏಕೆಂದರೆ ಹೆಚ್ಚು ಅಂಕದವರಿಗೆ ಮೊದಲು ಆಹ್ವಾನ. ಇಂಗ್ಲಿಷನ್ನು ಐಇಎಲ್‌ಟಿಎಸ್ 8ರ ಮಟ್ಟಕ್ಕೆ ಏರಿಸಿದರೆ ಹತ್ತು ಅಂಕ ಹೆಚ್ಚು, ತರಬೇತಿಯ ಎರಡರಷ್ಟು. ಕನ್ನಡಿಗರಿಗೆ ಇನ್ನೊಂದು ದಾರಿಯೂ ಇದೆ. ಆಸ್ಟ್ರೇಲಿಯದ ಅನುವಾದಕರ ಮಾನ್ಯತಾ ಸಂಸ್ಥೆ ನಾಟಿ ನಡೆಸುವ ಸಮುದಾಯ ಭಾಷಾ ಪರೀಕ್ಷೆಯ ಪಟ್ಟಿಯಲ್ಲಿ ಕನ್ನಡವಿದೆ. ಕನ್ನಡ ಮತ್ತು ಇಂಗ್ಲಿಷಿನ ನಡುವೆ ಎರಡು ಸಂಭಾಷಣೆಗಳನ್ನು ಬಾಯಿಮಾತಿನಲ್ಲಿ ಭಾಷಾಂತರಿಸಿ 90ಕ್ಕೆ 63 ಪಡೆದರೆ ಅದೇ ಐದು ಅಂಕ. ಅಡುಗೆಮನೆಯ ಕನ್ನಡವಷ್ಟೇ ಇದ್ದರೆ ಸಾಲದು. ಬ್ಯಾಂಕು, ಆಸ್ಪತ್ರೆ, ಕೋರ್ಟಿನ ಮಾತುಗಳಿಗೆ ಕನ್ನಡ ಹುಡುಕಬೇಕಾಗುತ್ತದೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರು ಎಡವುವುದು ಅಲ್ಲೇ. ಆದರೂ ವರ್ಷದ ಪ್ರಶ್ನೆಯಲ್ಲ, ಕೆಲವು ತಿಂಗಳ ಪ್ರಶ್ನೆ.

ವಯಸ್ಸು ಈ ಲೆಕ್ಕವನ್ನು ಸದ್ದಿಲ್ಲದೆ ಕೆಡಿಸುತ್ತದೆ. 25ರಿಂದ 32ರವರೆಗೆ 30 ಅಂಕ. 33 ತುಂಬಿದ ದಿನ ಅದು 25ಕ್ಕೆ ಇಳಿಯುತ್ತದೆ. 32ರಲ್ಲಿ ತರಬೇತಿಗೆ ಸೇರಿ 33ರಲ್ಲಿ ಮುಗಿಸಿದವರು ಗಳಿಸಿದ್ದು ಐದು, ಕಳೆದದ್ದು ಐದು. ಹಣ ಮಾತ್ರ ಖರ್ಚು. ಸಾಫ್ಟ್‌ವೇರ್ ಕೆಲಸ ಬಿಟ್ಟು ತಡವಾಗಿ ಓದಲು ಹೋದವರಿಗೆ ಇದು ದೂರದ ಸಾಧ್ಯತೆಯಲ್ಲ. ವೀಸಾದ ಗಡುವಿನ ವಿಷಯದಲ್ಲಿ ಭಾರತೀಯರಿಗೆ ತುಸು ಅನುಕೂಲವಿದೆ: 2022ರ ಡಿಸೆಂಬರ್ 29ರಂದು ಜಾರಿಯಾದ ಭಾರತ–ಆಸ್ಟ್ರೇಲಿಯ ವ್ಯಾಪಾರ ಒಪ್ಪಂದದ ಪ್ರಕಾರ ಮಾಸ್ಟರ್ಸ್ ಮುಗಿಸಿದ ಭಾರತೀಯರಿಗೆ 485 ವೀಸಾದಲ್ಲಿ ಮೂರು ವರ್ಷದವರೆಗೆ ಇರಲು ಅವಕಾಶ. ಎರಡೇ ವರ್ಷ ಸಿಗುವ ಬೇರೆ ದೇಶದವರಿಗೆ ಒಂದು ವರ್ಷದ ತರಬೇತಿಯೆಂದರೆ ಅರ್ಧ ವೀಸಾ.

ತರಬೇತಿ ಏನನ್ನು ಸಾಬೀತು ಮಾಡುತ್ತದೆ? ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಮಂಡಿಸಿದ ಸಂಕೇತ ಸಿದ್ಧಾಂತದ ಪ್ರಕಾರ, ಪ್ರಮಾಣಪತ್ರವೊಂದು ಸಾಮರ್ಥ್ಯದ ಗುರುತಾಗಬೇಕಾದರೆ ಅದನ್ನು ಪಡೆಯುವುದು ಸಮರ್ಥರಿಗೆ ಸುಲಭ, ಉಳಿದವರಿಗೆ ದುಬಾರಿ ಆಗಿರಬೇಕು. ಇಲ್ಲಿ ಶುಲ್ಕ, ವಾರಗಳು, ಹಾಜರಿ ಎಲ್ಲರಿಗೂ ಒಂದೇ. ಹೀಗಾಗಿ ಅದು ಮುಖ್ಯವಾಗಿ ಗುರುತಿಸುವುದು ಒಂದು ವರ್ಷ ಕಾಯುವ, ಹಲವು ಸಾವಿರ ಡಾಲರ್ ಕಟ್ಟುವ ಶಕ್ತಿಯನ್ನು. ಫ್ರೆಡ್ ಹಿರ್ಷ್ 1976ರಲ್ಲಿ ಸ್ಥಾನಾವಲಂಬಿ ಸರಕುಗಳ ಬಗ್ಗೆ ಬರೆದದ್ದೂ ಇಲ್ಲಿಗೆ ಹೊಂದುತ್ತದೆ: ಇತರರ ಬಳಿ ಇಲ್ಲದಿರುವವರೆಗೆ ಮಾತ್ರ ಅವಕ್ಕೆ ಬೆಲೆ. ಅಕೌಂಟೆಂಟರ ಪಾಲಿಗೆ ಆದದ್ದು ಅದೇ. ಬಹುಪಾಲು ಅರ್ಜಿದಾರರು ಐದು ಅಂಕ ಸೇರಿಸಿಕೊಂಡಾಗ ಆಹ್ವಾನದ ಮಿತಿಯೇ ಮೇಲೇರಿತು. ಕಳೆದ ದಶಕದ ಕೊನೆಗೆ ಅದು 85, 90ನ್ನು ಮುಟ್ಟಿತ್ತು. ಆ ಸ್ಥಿತಿಯಲ್ಲಿ ತರಬೇತಿ ಮಾಡಿದವರು ಮುಂದೆ ಹೋಗಲಿಲ್ಲ, ಮಾಡದವರು ಹಿಂದೆ ಬಿದ್ದರು.

ವೀಸಾ ಸ್ಥಾನಗಳ ಸಂಖ್ಯೆಯಾದರೂ ಸ್ಥಿರವಾಗಿದ್ದಿದ್ದರೆ ಒಂದು ಮಾತು, ಅದೂ ಇಲ್ಲ. ಸ್ವತಂತ್ರ ಕೌಶಲ ವೀಸಾಕ್ಕೆ, ಅಂದರೆ 189ಕ್ಕೆ, 2023–24ರಲ್ಲಿ 30,375 ಸ್ಥಾನಗಳಿದ್ದವು. 2024–25ಕ್ಕೆ ಅದು 16,900 ಆಯಿತು. ಕೋರ್ಸಿಗೆ ಸೇರುವ ದಿನದ ಲೆಕ್ಕ ಮುಗಿಸುವ ದಿನಕ್ಕೆ ಹೊಂದಬೇಕೆಂದಿಲ್ಲ. ಬೇರೆ ವೀಸಾಗಳೂ ಇವೆ: ರಾಜ್ಯ ಸರ್ಕಾರದ ಶಿಫಾರಸಿಗೆ 190 ವೀಸಾದಲ್ಲಿ ಐದು, ಪ್ರಾದೇಶಿಕ 491 ವೀಸಾದಲ್ಲಿ ಹದಿನೈದು ಅಂಕ ಸಿಗುತ್ತದೆ. ಸಿಡ್ನಿ ಬಿಟ್ಟು ಅಡಿಲೇಡಿಗೋ ಹೋಬಾರ್ಟಿಗೋ ಹೋಗಿ ನೆಲೆಸಲು ಒಪ್ಪುವವರಿಗೆ ಐದರ ಚಿಂತೆ ಅಷ್ಟಿರದು. ಕಂಪನಿಯೇ ಪ್ರಾಯೋಜಿಸುವ ವೀಸಾಗಳಲ್ಲಂತೂ ಅಂಕ ಪರೀಕ್ಷೆಯೇ ಇಲ್ಲ. ಇಂಟರ್ನ್‌ಶಿಪ್ ಮಾಡಿದ ಕಂಪನಿ ಕೆಲಸಕ್ಕೆ ಇಟ್ಟುಕೊಂಡು ಪ್ರಾಯೋಜಿಸಿದರೆ ತರಬೇತಿ ಸಾರ್ಥಕವಾಯಿತೆನ್ನಬೇಕು, ಆದರೆ ಆಗ ಅದರ ಐದು ಅಂಕಕ್ಕೆ ಕೆಲಸವೇ ಇರುವುದಿಲ್ಲ.

ಮಾರ್ಟಿನ್ ಪಾರ್ಕಿನ್ಸನ್ ನೇತೃತ್ವದ ಪರಿಶೀಲನಾ ಸಮಿತಿ 2023ರಲ್ಲಿ ಅಂಕ ಪರೀಕ್ಷೆಯನ್ನು ಮತ್ತೆ ರೂಪಿಸಬೇಕೆಂದಿತು. 2024ರ ಏಪ್ರಿಲ್‌ನಲ್ಲಿ ಸರ್ಕಾರ ಅದರ ಬಗ್ಗೆ ಚರ್ಚಾಪತ್ರ ಹೊರಡಿಸಿತು. ಇಂಥ ಮರುರೂಪಣೆಯಲ್ಲಿ ಪ್ರೊಫೆಷನಲ್ ಇಯರ್‌ನ ಬಾಬು ಕೈಬಿಟ್ಟುಹೋದರೆ ನಷ್ಟ ಯಾರದು ಎಂಬುದನ್ನು ನಿಯಮಾವಳಿಯ ರಚನೆಯೇ ಹೇಳುತ್ತದೆ. ಅಂಕ ಎಣಿಸುವುದು ಆಹ್ವಾನದ ದಿನಕ್ಕೆ. ಕೋರ್ಸಿಗೆ ಸೇರಿದ ದಿನಕ್ಕಲ್ಲ. ಹಿಂದೆ ಸೇರಿದವರನ್ನು ಕಾಪಾಡುವ ಪರಿವರ್ತನಾ ನಿಯಮವನ್ನು ಪ್ರತ್ಯೇಕವಾಗಿ ಬರೆಯದಿದ್ದರೆ, ಅರ್ಧ ದಾರಿಯಲ್ಲಿರುವ ವಿದ್ಯಾರ್ಥಿ ಕಟ್ಟಿದ ಹಣ ತರಬೇತಿ ಕೊಡುವವರ ಬಳಿಯೇ ಉಳಿಯುತ್ತದೆ, ಅಂಕ ಮಾತ್ರ ಇಲ್ಲವಾಗುತ್ತದೆ. ಕಂಪ್ಯೂಟರ್ ಪದವೀಧರರಿಗೆ ಆಗಲೂ ಎಸಿಎಸ್ ಮೌಲ್ಯಮಾಪನದ ಉಪಯೋಗ ಉಳಿಯಬಹುದು. ಅಕೌಂಟೆಂಟರಿಗೂ ಎಂಜಿನಿಯರರಿಗೂ ಉಳಿಯುವುದು ತರಗತಿಯಲ್ಲಿ ಕಲಿತದ್ದು ಮತ್ತು 12 ವಾರದ ಪರಿಚಯಗಳು.